ಕೆಂಚನಿಗೆ ವಯಸ್ಸಾದದ್ದು ಮಂಗಗಳಿಗೆ ಮೊದಲು ಗೊತ್ತಾಯಿತು

ನಮ್ಮ ನಾಯಿಗೆ ವಯಸ್ಸಾಯಿತೆಂದು ಮೊದಲು ಕಂಡುಕೊಂಡದ್ದು ಮನೆಯವರಲ್ಲ, ಮಂಗಗಳು. 2022ರ ಮಳೆಗಾಲ ಮುಗಿಯುವ ಹೊತ್ತು. ತೋಟದ ಮೇಲಿನ ಅಗಳಿನ ಬದಿಯಲ್ಲಿ ಕೊಕ್ಕೋ ಕಾಯಿಗಳ ಖಾಲಿ ಸಿಪ್ಪೆ ಬಿದ್ದಿರುವುದು ಕಾಣತೊಡಗಿತು. ಅದುವರೆಗೆ ಹಿಂಡು ಗುಡ್ಡೆಯಿಂದ ಇಳಿಯುವ ಸದ್ದಿಗೇ ಕೆಂಚ ಅಗಳು ಹಾರಿ ಆಚೆ ಹೋಗಿ ನಿಲ್ಲುತ್ತಿದ್ದ. ಈಗ ಅಗಳಿನ ಈಚೆ ನಿಂತು ಬೊಗಳುತ್ತಿದ್ದ. ಅಷ್ಟೇ ವ್ಯತ್ಯಾಸ. ಮಂಗಗಳಿಗೆ ಅಷ್ಟು ಸಾಕು. ಎರಡು ವಾರ ಪರೀಕ್ಷೆ ಮಾಡಿ ನೋಡಿ, ಮೂರನೇ ವಾರ ನೇರ ಬಾಳೆಗೇ ಬಂದವು.

ಈ ಪುಟಗಳಲ್ಲಿ ದನಗಳ ಬಗ್ಗೆ, ಜೇನಿನ ಬಗ್ಗೆ, ಎರೆಹುಳದ ಬಗ್ಗೆ ಕೂಡ ಓದಿದ್ದೇನೆ. ತೋಟ ಕಾಯುವ ನಾಯಿ ಮುದಿಯಾದರೆ ಏನು ಮಾಡಬೇಕೆಂದು ಓದಿದ ನೆನಪಿಲ್ಲ. ನಾಯಿ ಇಲ್ಲದ ಕೃಷಿಕರ ಮನೆ ಕಡಿಮೆ. ಹಾಗಾಗಿ ನಮ್ಮಲ್ಲಿ ಆದದ್ದನ್ನು ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪುಗಳೂ ಉಂಟು.

ನಮ್ಮದು ಸುಳ್ಯ ತಾಲೂಕಿನ ಒಂದು ಮೂಲೆ. ಎರಡೂವರೆ ಎಕರೆ ಅಡಿಕೆ, ನಡುವೆ ಕೊಕ್ಕೋ, ಬಾಳೆ, ಸ್ವಲ್ಪ ಕರಿಮೆಣಸು. ಮೂರು ಬದಿ ಗುಡ್ಡೆ, ಒಂದು ಬದಿ ತೋಡು. 2010ರ ಡಿಸೆಂಬರಿನಲ್ಲಿ, ಮೊದಲ ಕೊಯ್ಲಿನ ಗಡಿಬಿಡಿಯಲ್ಲಿ, ಭಾವನ ಮನೆಯಿಂದ ಒಂದು ಮರಿಯನ್ನು ಅಡಿಕೆ ಹಾಳೆಯಲ್ಲಿ ಸುತ್ತಿ ತಂದೆ. ಊರ ನಾಯಿಯೇ, ಜಾತಿ ಗೀತಿ ಏನಿಲ್ಲ. ಮೈ ಕೆಂಚು, ಎದೆಯಲ್ಲಿ ಬಿಳಿ ಮಚ್ಚೆ. ಹೆಸರು ಹುಡುಕುವ ಕೆಲಸ ಇರಲಿಲ್ಲ.

ಅವನ ಕೆಲಸದ ಪಟ್ಟಿ ನಾವು ಮಾಡಿಕೊಟ್ಟದ್ದಲ್ಲ, ಅವನೇ ಮಾಡಿಕೊಂಡದ್ದು. ಹಗಲು ಮಂಗ, ರಾತ್ರಿ ಹಂದಿ ಮತ್ತು ಮುಳ್ಳುಹಂದಿ, ನಸುಕಿಗೆ ಅಂಗಳದ ಅಡಿಕೆ. ಅಂಗಳದಲ್ಲಿ ಅಡಿಕೆ ಹರಡಿದ್ದರೆ ಅದರ ಮೇಲೆ ಕಾಲಿಡುತ್ತಿರಲಿಲ್ಲ, ಬದಿಯಲ್ಲೇ ಸುತ್ತು ಹಾಕಿ ಹೋಗುತ್ತಿದ್ದ. ನಮ್ಮ ಮಕ್ಕಳಿಗೆ ಆ ಬುದ್ಧಿ ಬರಲು ಹತ್ತು ವರ್ಷ ಬೇಕಾಯಿತು. ಬೊಗಳುವುದರಲ್ಲೂ ಲೆಕ್ಕ ಇತ್ತು. ಜನ ಬಂದರೆ ಮುಂದೆ ಮುಂದೆ ಹೋಗಿ ಬೊಗಳುವುದು. ಹಾವಾದರೆ ಒಂದು ಬೊಗಳು, ಒಂದು ಹೆಜ್ಜೆ ಹಿಂದೆ, ಇನ್ನೊಂದು ಬೊಗಳು, ಇನ್ನೊಂದು ಹೆಜ್ಜೆ ಹಿಂದೆ. ಹಟ್ಟಿಗೆ ಹೋಗುವ ದಾರಿಯಲ್ಲಿ ಆ ಸ್ವರ ಕೇಳಿದರೆ ಅಮ್ಮ ನಿಂತಲ್ಲೇ ನಿಂತು "ಟಾರ್ಚ್ ತನ್ನಿ" ಎನ್ನುತ್ತಿದ್ದರು. ಮೂರು ಸಲವಾದರೂ ಅಲ್ಲಿ ನಾಗರಹಾವು ಇತ್ತು.

ನಮ್ಮದು ಸಸ್ಯಾಹಾರಿ ಮನೆ. ಅವನಿಗೆ ಸಿಗುತ್ತಿದ್ದದ್ದು ಮಜ್ಜಿಗೆ ಅನ್ನ, ಹೆಚ್ಚಾದ ದೋಸೆ, ಹಲಸಿನ ಕಾಲದಲ್ಲಿ ಹಲಸು. ಕೊಯ್ಲಿಗೆ ಬರುವವರು ಬುತ್ತಿಯ ಮೀನಿನ ತಲೆಯನ್ನು ತೋಡಿನ ಆಚೆ ಇಟ್ಟು ಅವನನ್ನು ಕರೆಯುತ್ತಿದ್ದರು. ಅಮ್ಮನಿಗೆ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇದ್ದರು.

ದಾಸುವಿನ ಗೋಣಿ

ಕೆಂಚನ ವಿಷಯ ಹೇಳುವ ಮೊದಲು ದಾಸುವಿನ ವಿಷಯ ಹೇಳದಿದ್ದರೆ ಆಗುವುದಿಲ್ಲ.

1993. ನಾನು ಪಿಯುಸಿಗೆ ಹೋಗುತ್ತಿದ್ದೆ. ಆಗ ಇದ್ದ ನಾಯಿ ದಾಸು. ಒಂದು ಕಣ್ಣು ಹೋಗಿತ್ತು, ಮೈಯೆಲ್ಲ ಕಜ್ಜಿ, ರಾತ್ರಿ ಸುಮ್ಮನೆ ಊಳಿಡುತ್ತಿತ್ತು. ಆಗಿನ ಕಾಲದಲ್ಲಿ ಇದಕ್ಕೆ ಇದ್ದದ್ದು ಎರಡೇ ದಾರಿ. ಕೋವಿ ಇದ್ದವರನ್ನು ಕರೆಯುವುದು, ಇಲ್ಲವಾದರೆ ಗೋಣಿಯಲ್ಲಿ ಹಾಕಿ ದೂರ ಬಿಟ್ಟು ಬರುವುದು. ಗುಂಡು ಹೊಡೆಸಲು ಅಪ್ಪನಿಗೆ ಮನಸ್ಸಾಗಲಿಲ್ಲ. ಅಡಿಕೆ ಕೊಂಡುಹೋಗುವ ಜೀಪಿನಲ್ಲಿ ಇಪ್ಪತ್ತು ಕಿಲೋಮೀಟರು ದೂರದ ಪೇಟೆಯ ಮೀನು ಮಾರುಕಟ್ಟೆಯ ಹಿಂದೆ ಬಿಟ್ಟೆವು. "ಇಲ್ಲಿ ಮೀನು ಸಿಗ್ತದೆ, ಹೇಗಾದರೂ ಬದುಕಿಕೊಳ್ತದೆ" ಎಂದು ಅಪ್ಪ ಎರಡು ಸಲ ಹೇಳಿದರು. ಗೋಣಿ ನನ್ನ ಮಡಿಲಲ್ಲಿತ್ತು. ದಾರಿಯುದ್ದಕ್ಕೂ ದಾಸು ಒಂದು ಸಲವೂ ಒದ್ದಾಡಲಿಲ್ಲ. ಮೇಲೆ ನನ್ನ ಕೈ ಇತ್ತಲ್ಲ, ಹಾಗೆ.

ಮತ್ತೆ ಮನೆಯಲ್ಲಿ ಆ ಮಾತೇ ಬರಲಿಲ್ಲ. 2009ರಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದಾಗ ಒಂದು ರಾತ್ರಿ ನನ್ನನ್ನು ಕರೆದು ಕೇಳಿದರು, "ಆ ದಾಸು ಹಿಂದೆ ಬಂತಾ?" ಬಂತು ಎಂದೆ. ನಾನು ಅಪ್ಪನಿಗೆ ಹೇಳಿದ ಕೊನೆಯ ಸುಳ್ಳು ಅದು.

ಆದ್ದರಿಂದ ಕೆಂಚನಿಗೆ ವಯಸ್ಸಾಗುವುದು ಕಂಡಾಗ ಒಂದನ್ನು ಮಾತ್ರ ನಿಶ್ಚಯ ಮಾಡಿದ್ದೆ. ಇವನು ಸಾಯುವುದು ಇದೇ ಅಂಗಳದಲ್ಲಿ. ಆದರೆ ಅಂಗಳದಲ್ಲಿ ಸಾಯುವುದೆಂದರೆ ಸುಖದಲ್ಲಿ ಸಾಯುವುದು ಅಂತ ಅರ್ಥವಲ್ಲ. ಅದು ಆಗ ತಲೆಗೆ ಹೋಗಿರಲಿಲ್ಲ.

ಕಾಲು, ಕಣ್ಣು, ನೀರು

ಊರ ನಾಯಿಗಳು ಚೆನ್ನಾಗಿ ನೋಡಿಕೊಂಡರೆ ಹನ್ನೆರಡು ಹದಿಮೂರು ವರ್ಷ ಬದುಕುತ್ತವೆ. ಹತ್ತು ದಾಟಿದ ಮೇಲೆ ಕಣ್ಣಿನ ಪಾಪೆ ನೀಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅದೆಲ್ಲ ಪೊರೆ ಅಲ್ಲ, ವಯಸ್ಸಿಗೆ ಆಗುವ ಬದಲಾವಣೆ, ನಾಯಿಗೆ ದಾರಿ ಕಾಣುತ್ತದೆ. ಕಿವಿ ಮಂದವಾಗುತ್ತದೆ. ಹಿಂಗಾಲಿನ ಗಂಟು ಹಿಡಿಯುತ್ತದೆ, ಮುಖ್ಯವಾಗಿ ಮಳೆಗಾಲದ ಬೆಳಿಗ್ಗೆ. ಕೆಂಚನಿಗೆ ಇದು ಮೂರೂ ಬಂತು. ಹಟ್ಟಿಯ ಬದಿಯಲ್ಲಿ ಸಿಮೆಂಟು ನೆಲದ ಮೇಲೆ ಅಡಿಕೆ ಹಾಳೆ, ಅದರ ಮೇಲೆ ಎರಡು ಗೋಣಿ ಹಾಕಿಕೊಟ್ಟೆ. ಜಗಲಿಯ ಮೆಟ್ಟಿಲಿಗೆ ಒಂದು ಹಲಗೆ ಓರೆಯಾಗಿ ಇಟ್ಟೆ. ಖರ್ಚಿಲ್ಲದ ಈ ಎರಡು ಕೆಲಸದಿಂದ ಒಂದು ವರ್ಷ ಆರಾಮದಲ್ಲಿದ್ದ.

2023ರ ಜೂನಿನಲ್ಲಿ ಒಂದು ಹೊಸ ಮರಿ ತಂದೆವು. ಮಗಳು ಜಿಮ್ಮಿ ಎಂದು ಹೆಸರಿಟ್ಟಳು. ಹಳಬ ಇರುವಾಗಲೇ ಹೊಸಬ ಬರಬೇಕು ಎಂದು ಹೇಳಿದ್ದು ನೆರೆಮನೆಯವರು. ಆ ಸಲಹೆ ಒಳ್ಳೆಯದೇ ಆಯಿತು. ಮೊದಲ ತಿಂಗಳು ಕೆಂಚ ಗುರ್ ಎನ್ನುತ್ತಿದ್ದ. ಆಮೇಲೆ ಮರಿ ಅವನ ಹಿಂದೆ ತೋಟಕ್ಕೆ ಒಂದು ಸುತ್ತು ಹೋಗಿಬರತೊಡಗಿತು. ಸುತ್ತು ಸಣ್ಣದಾಗುತ್ತಾ ಬಂತು, ಬಿಟ್ಟುಹೋಗಲಿಲ್ಲ.

ಆ ವರ್ಷ ನವೆಂಬರಿನಲ್ಲಿ ಕಂಡದ್ದು ಬೇರೆ. ಹಟ್ಟಿಯ ಬಳಿಯ ಕಲ್ಲಿನ ಮರಿಗೆ ಬೆಳಿಗ್ಗೆ ತುಂಬಿಸಿದರೆ ಮಧ್ಯಾಹ್ನಕ್ಕೆ ಖಾಲಿ. ದನ ಕುಡಿದಿರಬೇಕು ಎಂದುಕೊಂಡೆ. ಕುಡಿಯುತ್ತಿದ್ದದ್ದು ಕೆಂಚ. ಮೂತ್ರವೂ ಹಾಗೆಯೇ, ನೀರಿನ ಹಾಗೆ. ಬಾಯಿಯಲ್ಲಿ ಒಂದು ಕೆಟ್ಟ ವಾಸನೆ. ಮುದಿ ನಾಯಿ ವಿಪರೀತ ನೀರು ಕುಡಿಯತೊಡಗಿದರೆ ಕೂಡಲೇ ಪಶುವೈದ್ಯರಿಗೆ ತೋರಿಸಬೇಕು. ಇದು ನನಗೆ ಆಗ ಗೊತ್ತಿರಲಿಲ್ಲ.

ನಾನು ಮಾಡಿದ್ದು ಬೇರೆ. ಅವನು ಕಾಲು ಎಳೆಯುವುದು ನೋಡಲಾರದೆ, ಅಮ್ಮನ ಮಂಡಿನೋವಿಗೆ ತಂದಿಟ್ಟ ಡೈಕ್ಲೋಫಿನಾಕ್ ಮಾತ್ರೆಯಲ್ಲಿ ಅರ್ಧ ಮುರಿದು ಬಾಳೆಹಣ್ಣಿನೊಳಗೆ ಇಟ್ಟು ಕೊಟ್ಟೆ. ಎರಡು ದಿನ. ಕಾಲು ಸ್ವಲ್ಪ ಸಲೀಸಾದಂತೆ ಕಂಡಿತು. ಮೂರನೇ ದಿನ ವಾಂತಿ, ಕಪ್ಪು ಮಲ.

ಪಶು ಆಸ್ಪತ್ರೆಯ ಡಾಕ್ಟರು ಬಂದು ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಮಾತ್ರೆಯ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಹೇಳಿದರು, "ನೀವು ತಿನ್ನುವ ನೋವಿನ ಮಾತ್ರೆ ನಾಯಿಗೆ ಕೊಡ್ಲಿಕ್ಕೇ ಬಾರದು ಮಾರಾಯ್ರೆ." ಡೈಕ್ಲೋಫಿನಾಕ್, ಐಬುಪ್ರೊಫೇನ್ ಇವೆಲ್ಲ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿಯನ್ನು ಕೆಡಿಸುತ್ತವೆ. ನಾಯಿಗೆಂದೇ ಬೇರೆ ಔಷಧ ಉಂಟು, ತೂಕ ನೋಡಿ ಡಾಕ್ಟರೇ ಕೊಡಬೇಕು. ಕಿಡ್ನಿ ಸೋತಿದ್ದರೆ ಅದೂ ಅಪಾಯವೇ. ದನಗಳಿಗೂ ಡೈಕ್ಲೋಫಿನಾಕ್ ಕೊಡುವುದನ್ನು ಸರಕಾರ 2006ರಲ್ಲೇ ನಿಷೇಧಿಸಿದೆ. ಆ ಔಷಧ ಕೊಟ್ಟ ದನದ ಹೆಣ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸಾಯುತ್ತಿದ್ದವಂತೆ. ನಾನು ಅದನ್ನು ಪೇಪರಿನಲ್ಲಿ ಓದಿಯೂ ಇದ್ದೆ. ಓದಿದ್ದು ಬೇಕಾದಾಗ ನೆನಪಿಗೆ ಬರುವುದಿಲ್ಲ.

ರಕ್ತದ ವರದಿಯಲ್ಲಿ ಯೂರಿಯಾ, ಕ್ರಿಯಾಟಿನಿನ್ ಎರಡೂ ಬಹಳ ಮೇಲಿದ್ದವು. ರಕ್ತದಲ್ಲಿ ಅದು ಕಾಣುವ ಹೊತ್ತಿಗೆ ಕಿಡ್ನಿಯ ಕೆಲಸ ಮುಕ್ಕಾಲು ಪಾಲು ನಿಂತಿರುತ್ತದೆ, ಹೋದದ್ದು ಹಿಂದೆ ಬರುವುದಿಲ್ಲ ಎಂದರು. ಮೊದಲೇ ಸೋತಿತ್ತೋ, ನನ್ನ ಮಾತ್ರೆಯಿಂದ ಇನ್ನಷ್ಟು ಸೋತಿತೋ, ಡಾಕ್ಟರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕ್ಯಾಲೆಂಡರಿನ ಗುರುತು

ಡ್ರಿಪ್ಪು, ವಾಂತಿ ನಿಲ್ಲುವ ಔಷಧ, ಗಂಜಿ. ಜನವರಿ ಫೆಬ್ರವರಿ ಹೀಗೆ ಕಳೆಯಿತು. ನಡುವೆ ಒಳ್ಳೆಯ ದಿನಗಳೂ ಇದ್ದವು. ಒಂದು ಬೆಳಿಗ್ಗೆ ಪಂಪ್‌ಶೆಡ್ಡಿನ ತನಕ ನನ್ನ ಹಿಂದೆ ಬಂದು, ಅಲ್ಲಿ ಕೂತು, ಹಿಂದೆ ಹೋಗಲಾರದೆ ನನ್ನ ಮುಖ ನೋಡಿದ. ಎತ್ತಿಕೊಂಡು ಬಂದೆ. ಇಪ್ಪತ್ತು ಕಿಲೋ ಇದ್ದವನು ಹನ್ನೊಂದು ಹನ್ನೆರಡಕ್ಕೆ ಇಳಿದಿದ್ದ. ಅರ್ಧ ಗೋಣಿ ಅಡಿಕೆ ಹೊತ್ತ ಹಾಗೂ ಆಗಲಿಲ್ಲ.

ಡಾಕ್ಟರು ಒಂದು ಉಪಾಯ ಹೇಳಿದ್ದರು. ದಿನಾ ನೋಡುವವರಿಗೆ ಇಳಿತ ಗೊತ್ತಾಗುವುದಿಲ್ಲ, ಆದ್ದರಿಂದ ಬರೆದಿಡಿ ಎಂದು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಪಂಪಿನ ಲೆಕ್ಕ ಬರೆಯುವ ಕ್ರಮ ನಮ್ಮಲ್ಲಿ ಉಂಟು. ಅದರ ಬದಿಯಲ್ಲೇ ಶುರು ಮಾಡಿದೆ. ತಾನಾಗಿ ತಿಂದನಾ, ತಾನಾಗಿ ಎದ್ದನಾ, ಕರೆದರೆ ಬಾಲ ಆಡಿಸಿದನಾ. ಮೂರರಲ್ಲಿ ಎರಡು ಆದರೆ ಒಂದು ಚುಕ್ಕೆ, ಇಲ್ಲವಾದರೆ ಗೀಟು. ಗೀಟುಗಳು ಚುಕ್ಕೆಗಳನ್ನು ದಾಟಿದರೆ ಫೋನ್ ಮಾಡಿ ಎಂದಿದ್ದರು.

ಮಾರ್ಚ್ ಕೊನೆಯ ಎರಡು ವಾರದಲ್ಲಿ ಹನ್ನೊಂದು ಗೀಟು, ಮೂರು ಚುಕ್ಕೆ. ನಾನು ಫೋನ್ ಮಾಡಲಿಲ್ಲ. ಕೊನೆಯ ಕೊಯ್ಲು ನಡೆಯುತ್ತಿತ್ತು, ಅಂಗಳ ತುಂಬ ಹಣ್ಣಡಿಕೆ, ನಾಳೆ ನೋಡುವ ಎಂದು ನಾನೇ ನನಗೆ ಹೇಳಿಕೊಂಡೆ. ನಿಜವಾದ ಕಾರಣ ಕೊಯ್ಲಲ್ಲ. ತಾನಾಗಿ ರಾತ್ರಿಯಲ್ಲಿ ಹೋಗಿಬಿಟ್ಟರೆ ನಿರ್ಧಾರ ನನ್ನ ತಲೆಗೆ ಬರುವುದಿಲ್ಲವಲ್ಲ ಎಂಬ ಆಸೆ. ಆ ಹತ್ತು ಹನ್ನೆರಡು ದಿನದ ನೋವು ಅವನು ತಿಂದದ್ದು ನನ್ನ ಹೇಡಿತನಕ್ಕಾಗಿ.

ಊರಲ್ಲಿ ಎರಡು ಮಾತು. ಹಿರಿಯರೊಬ್ಬರು, "ಕೋವಿಯವರನ್ನು ಕರಿ, ಒಂದು ನಿಮಿಷದ ಕೆಲಸ" ಎಂದರು. ಲೋಕಸಭೆ ಚುನಾವಣೆ ಘೋಷಣೆಯಾಗಿ ನಮ್ಮ ಕಡೆಯ ಕೋವಿಗಳೆಲ್ಲ ಠಾಣೆಯಲ್ಲಿ ಠೇವಣಿ ಇದ್ದವು. ಇದ್ದಿದ್ದರೂ ನಾನು ಕರೆಯುತ್ತಿರಲಿಲ್ಲ. ಇನ್ನೊಬ್ಬರು, "ನಾಯಿಗೆ ಡಾಕ್ಟ್ರಾ, ಇಂಜೆಕ್ಷನ್ನಾ, ಎಂತ ಮಾರಾಯ!" ಎಂದು ನಗಾಡಿದರು. ಅವರಿಗೆ ನಾನು ಆತಕೂರಿನ ಕಲ್ಲಿನ ಕತೆ ಹೇಳಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕಿದ ಆ ಶಾಸನ ಹತ್ತನೇ ಶತಮಾನದ್ದು. ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗರ ದೊರೆ ಬೂತುಗ ಏನು ಬೇಕು ಕೇಳು ಎಂದರೆ, ಆತ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಂದಿಗೆ ಕಾದಾಡಿ, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರಕಾರಿ ಮ್ಯೂಸಿಯಮ್ಮಿನಲ್ಲಿ ಉಂಟು. ನಗಾಡಿದವರು ಕೇಳಿ, "ಅದು ರಾಜರ ಕಾಲ" ಎಂದು ಎದ್ದುಹೋದರು.

ಮನೆಯಲ್ಲಿ ಅಮ್ಮನದ್ದು ಬೇರೆ ತಕರಾರು. "ಹದಿಮೂರು ವರ್ಷ ಅನ್ನ ಹಾಕಿದ ಕೈಯಲ್ಲೇ ವಿಷ ಹಾಕುದಾ? ಪಾಪ ಯಾರಿಗೆ ಬರುದು?" ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಏಪ್ರಿಲ್ ಮೊದಲ ವಾರ ಒಂದು ಬೆಳಿಗ್ಗೆ ಹಾಲು ಕರೆಯಲು ಹೋದ ಅಮ್ಮ ಹಿಂದೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಕೆಂಚ ಮಲಗಿದಲ್ಲೇ ಮೂತ್ರ ಮಾಡಿಕೊಂಡಿದ್ದ. ಮಾಡಿಕೊಂಡದ್ದರಿಂದ ದೂರ ಹೋಗಲು ಎದೆಯಲ್ಲಿ ತೆವಳಿ, ಒಂದು ಮಾರು ಕೂಡ ಹೋಗಲಾರದೆ, ಮುಖ ಗೋಡೆಗೆ ಮಾಡಿ ಮಲಗಿದ್ದ. ಮರಿಯಾಗಿದ್ದಾಗಿನಿಂದ ಅವನು ಹಟ್ಟಿಯ ಬಳಿ ಒಮ್ಮೆಯೂ ಗಲೀಜು ಮಾಡಿದವನಲ್ಲ.

"ಅವನಿಗೆ ನಾಚಿಕೆ ಆಗ್ತಾ ಉಂಟು," ಎಂದರು ಅಮ್ಮ. "ಡಾಕ್ಟ್ರಿಗೆ ಫೋನ್ ಮಾಡು."

ಆ ಸಂಜೆ

ಡಾಕ್ಟರು ದನಗಳ ಕೆಲಸ ಮುಗಿಸಿ ಸಂಜೆ ಬರುತ್ತೇನೆಂದರು. ಹೊಂಡ ಮೊದಲೇ ತೋಡಿಡಿ, ಆಮೇಲೆ ಆ ಕೆಲಸ ಮಾಡಲು ಕೈ ಬರುವುದಿಲ್ಲ ಎಂದೂ ಹೇಳಿದರು. ಹಲಸಿನ ಮರದ ಆಚೆ, ಬಾವಿಯಿಂದಲೂ ತೋಡಿನಿಂದಲೂ ದೂರ, ಜಾಗ ನೋಡಿದೆ. ನಾಲ್ಕು ಅಡಿ. ಎರಡು ಅಡಿಯ ಕೆಳಗೆ ಮುರಕಲ್ಲು. ಕೊಯ್ಲಿನವನೂ ನಾನೂ ಪಿಕ್ಕಾಸು ಹಿಡಿದು ಮಧ್ಯಾಹ್ನದವರೆಗೆ ತೋಡಿದೆವು. ಜಿಮ್ಮಿಗೆ ಅದು ಆಟ, ಹೊಂಡಕ್ಕೆ ಹಾರುವುದು, ಹತ್ತಲಾರದೆ ಕೂಗುವುದು.

ಊಟಕ್ಕೆ ಹೋದ ಕೊಯ್ಲಿನವ ಹಿಂದೆ ಬರುವಾಗ ಬಾಳೆ ಎಲೆಯಲ್ಲಿ ಎರಡು ಬೂತಾಯಿ ತಂದಿದ್ದ. ತೋಡಿನ ಆಚೆಯೇ ನಿಂತ. ಅಮ್ಮ ಜಗಲಿಯಿಂದ ಕರೆದರು, "ಇಲ್ಲಿಗೇ ತಾ, ಇವತ್ತು ಎಂತ." ನಮ್ಮ ಅಂಗಳಕ್ಕೆ ಮೀನು ಬಂದದ್ದು ಅದೇ ಮೊದಲು. ಕೆಂಚ ಮೂಸಿದ, ಒಮ್ಮೆ ನೆಕ್ಕಿದ, ತಲೆ ಇಟ್ಟ.

ಡಾಕ್ಟರು ಬಂದವರು ಗಡಿಬಿಡಿ ಮಾಡಲಿಲ್ಲ. ಏನು ಮಾಡುತ್ತೇನೆಂದು ಮೊದಲು ಹೇಳಿದರು. ಇದನ್ನು ಬರೆಯುವುದು ಯಾಕೆಂದರೆ, ನಮ್ಮಲ್ಲಿ ಹಲವರಿಗೆ ಈ ಇಂಜೆಕ್ಷನ್ ಎಂದರೆ ವಿಷ, ನಾಯಿ ಒದ್ದಾಡಿ ಸಾಯುತ್ತದೆ ಎಂಬ ಭಾವನೆ ಉಂಟು. ಹಾಗಲ್ಲ. ಮೊದಲನೆಯದು ತೊಡೆಗೆ, ನಿದ್ದೆ ಬರುವ ಔಷಧ. ಹತ್ತು ನಿಮಿಷದಲ್ಲಿ ಪೂರ್ತಿ ನಿದ್ದೆ. ಕಾಲ ಬೆರಳು ಚಿವುಟಿದರೂ ಎಳೆಯುವುದಿಲ್ಲ ಎಂದು ನೋಡಿದ ಮೇಲೆಯೇ ಎರಡನೆಯದು. ಅದು ಮುಂಗಾಲಿನ ನರಕ್ಕೆ, ಆಪರೇಷನ್ನಿಗೆ ಅರಿವಳಿಕೆ ಕೊಡುವ ಔಷಧವೇ, ಪ್ರಮಾಣ ಮಾತ್ರ ಹೆಚ್ಚು. ಉಸಿರು ನಿಲ್ಲುತ್ತದೆ, ಹಿಂದೆಯೇ ಹೃದಯ. ಕಣ್ಣು ಮುಚ್ಚುವುದಿಲ್ಲ, ಒಂದೆರಡು ಸಲ ಏದುಸಿರಿನ ಹಾಗೆ ಆಗಬಹುದು, ಮೂತ್ರ ಹೋಗಬಹುದು, ಆಗ ಅದಕ್ಕೆ ಏನೂ ಗೊತ್ತಾಗುವುದಿಲ್ಲ, ಹೆದರಬೇಡಿ ಎಂದರು.

ಕಾನೂನಿನ ವಿಷಯವನ್ನೂ ಕೇಳಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಉಂಟು. ಗುಣವಾಗದೆ ನರಳುವ ಪ್ರಾಣಿಯನ್ನು ಪಶುವೈದ್ಯರು ನೋಡಿ ನೋವಿಲ್ಲದೆ ಕೊನೆಗಾಣಿಸುವುದಕ್ಕೆ ಅಡ್ಡಿ ಇಲ್ಲ. ಅದೇ ಕಾಯಿದೆಯಲ್ಲಿ, ಸರಿಯಾದ ಕಾರಣ ಇಲ್ಲದೆ, ಹಸಿವೆ ಬಾಯಾರಿಕೆಯಲ್ಲಿ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟು ಬರುವುದು ಅಪರಾಧ. ಮೀನು ಮಾರುಕಟ್ಟೆಯ ಹಿಂದೆ ನಾವು ಮಾಡಿದ್ದಕ್ಕೆ ಈ ಹೆಸರು ಎಂದು ನನಗೆ ತಿಳಿದದ್ದು 31 ವರ್ಷದ ಮೇಲೆ.

ಅವನ ತಲೆ ನನ್ನ ಮಡಿಲಲ್ಲಿತ್ತು. ಕೈ ಕುತ್ತಿಗೆಯ ಮೇಲೆ. ಮೊದಲ ಇಂಜೆಕ್ಷನಿಗೆ ಸ್ವಲ್ಪ ತಲೆ ಎತ್ತಿದ, ಅಷ್ಟೇ. ಗೊರಕೆ ಹೊಡೆಯತೊಡಗಿದ. ಎರಡು ತಿಂಗಳಿನಿಂದ ಅವನು ಅಷ್ಟು ಗಾಢವಾಗಿ ನಿದ್ದೆ ಮಾಡಿದ್ದು ನಾನು ನೋಡಿರಲಿಲ್ಲ. ಎರಡನೆಯದು ಅರ್ಧ ಹೋಗುವಾಗಲೇ ಗೊರಕೆ ನಿಂತಿತು. ಡಾಕ್ಟರು ಕೊಳವೆ ಇಟ್ಟು ಕೇಳಿ, ಇನ್ನೊಮ್ಮೆ ಕೇಳಿ, ನನ್ನ ಮುಖ ನೋಡಿ ತಲೆಯಾಡಿಸಿದರು. ಆಗಲೇ ತ್ರೀಫೇಸ್ ಕರೆಂಟು ಬಂತು. ಕೆಳಗೆ ಪಂಪು ತಾನೇ ಸ್ಟಾರ್ಟ್ ಆಯಿತು, ತೋಟದಲ್ಲಿ ಸ್ಪ್ರಿಂಕ್ಲರು ತಿರುಗತೊಡಗಿತು. ಬೇರೆ ದಿನವಾಗಿದ್ದರೆ ನಾನು ಎದ್ದು ವಾಲ್ವು ನೋಡಲು ಓಡುತ್ತಿದ್ದೆ.

ಹೊಂಡದ ಬಗ್ಗೆ ಒಂದು ಮುಖ್ಯ ಮಾತು. ಹೀಗೆ ಔಷಧ ಕೊಟ್ಟ ನಾಯಿಯನ್ನು ಆಳವಾಗಿಯೇ ಹೂಳಬೇಕು, ಗುಡ್ಡೆಗೆ ಎಸೆಯಬಾರದು. ಔಷಧ ದೇಹದಲ್ಲೇ ಉಳಿಯುತ್ತದೆ. ನರಿಯೋ ಬೇರೆ ನಾಯಿಯೋ ಹದ್ದೋ ತಿಂದರೆ ಅವಕ್ಕೂ ಅಪಾಯ. ನಾವು ಗೋಣಿ ಸಮೇತ ಇಟ್ಟು, ಮಣ್ಣು ತುಂಬಿಸಿ, ಹಂದಿ ಒಕ್ಕದ ಹಾಗೆ ಮೇಲೆ ಮುರಕಲ್ಲು ಹೇರಿದೆವು. ಇನ್ನೊಂದು ಎಚ್ಚರಿಕೆ. ಮುದಿ ನಾಯಿ ನುಂಗಲಾರದೆ ಜೊಲ್ಲು ಸುರಿಸಿದರೆ, ಕೆಳದವಡೆ ಜೋತುಬಿದ್ದರೆ, ಗುಣವೇ ಬದಲಾದರೆ, ವಯಸ್ಸಿಗೆ ಎಂದುಕೊಂಡು ಬಾಯಿಗೆ ಕೈ ಹಾಕಬೇಡಿ. ಹುಚ್ಚಿನ ರೋಗವೂ ಹಾಗೆಯೇ ಕಾಣುತ್ತದೆ. ಪ್ರತಿವರ್ಷ ಲಸಿಕೆ ಹಾಕಿಸಿದ್ದರಿಂದ ಆ ಭಯ ಇಲ್ಲದೆ ಕೆಂಚನ ತಲೆಯನ್ನು ಮಡಿಲಲ್ಲಿ ಇಟ್ಟುಕೊಳ್ಳಲು ನನಗೆ ಸಾಧ್ಯವಾಯಿತು.

ಡಾಕ್ಟರು ಬಚ್ಚಲಲ್ಲಿ ಕೈ ತೊಳೆದು ಜಗಲಿಯಲ್ಲಿ ಕೂತರು. ಅಮ್ಮ ಕಾಫಿ ತಂದಿಟ್ಟು, "ಅವನಿಗೆ ನೋವಾಗ್ಲಿಲ್ಲ ಅಲ್ಲವಾ?" ಎಂದು ಕೇಳಿದರು. ಇಲ್ಲಮ್ಮ ಎಂದರು ಡಾಕ್ಟರು. ಅಮ್ಮ ಮತ್ತೆ ಪಾಪದ ಮಾತು ತೆಗೆಯಲಿಲ್ಲ. ಸಂಜೆ ಏಳಕ್ಕೆ ಎಂದಿನ ಹಾಗೆ ಮಜ್ಜಿಗೆ ಅನ್ನ ಕಲಸಿ ಎರಡು ತಟ್ಟೆಗೆ ಹಾಕಿ, ಒಂದನ್ನು ಹಿಂದೆ ತಂದು ದನದ ಬಾನಿಗೆ ಸುರಿದರು.

ಈಗ ಮಂಗಗಳದ್ದು ದಿನಾ ಕಾಟ. ಜಿಮ್ಮಿ ಅಗಳಿನ ತನಕ ಹೋಗುತ್ತದೆ, ಆಚೆ ಹಾರಲು ಇನ್ನೂ ಧೈರ್ಯ ಬಂದಿಲ್ಲ. ಆದರೆ ಆ ವರ್ಷದ ಮಳೆಗಾಲದಲ್ಲಿ ಒಂದು ರಾತ್ರಿ ಹಟ್ಟಿಯ ದಾರಿಯಲ್ಲಿ ಅದರ ಸ್ವರ ಕೇಳಿತು. ಒಂದು ಬೊಗಳು, ಸ್ವಲ್ಪ ಬಿಟ್ಟು ಇನ್ನೊಂದು, ಪ್ರತಿ ಸಲವೂ ಸ್ವಲ್ಪ ಹಿಂದಿನಿಂದ. ಅಮ್ಮ ನಿಂತಲ್ಲೇ ನಿಂತು ಟಾರ್ಚ್ ಕೇಳಿದರು.